ರೋಮ್ ಹೇಗೆ ಬಿತ್ತು? ಚರಿತ್ರೆಕಾರರು ಹುಡುಕಿದ ದಾರಿಗಳು

ಡ್ಯಾನ್ಯೂಬ್ ನದಿಯ ದಡದಲ್ಲಿ ಬಟಾವಿಸ್ ಅಂತ ಒಂದು ಊರಿತ್ತು. ಇವತ್ತಿನ ಜರ್ಮನಿಯ ಪಾಸೌ. 5ನೇ ಶತಮಾನದಲ್ಲಿ ಅಲ್ಲೊಂದು ಸಣ್ಣ ರೋಮನ್ ತುಕಡಿ ಗಡಿ ಕಾಯುತ್ತಿತ್ತು. ಸುತ್ತಮುತ್ತಲ ಕೋಟೆಗಳಿಗೆ ಸರ್ಕಾರದ ಸಂಬಳ ಬರುವುದು ನಿಂತಿತ್ತು. ಸಂಬಳವಿಲ್ಲದ ದಂಡುಗಳು ಒಂದೊಂದಾಗಿ ಕರಗಿ ಹೋಗಿದ್ದವು. ಬಟಾವಿಸ್‌ನವರು ಮಾತ್ರ ಹೇಗೋ ಉಳಿದುಕೊಂಡಿದ್ದರು. ಅವರಲ್ಲಿ ಕೆಲವರು ಕೊನೆಯ ಬಾಕಿ ಸಂಬಳ ತರುತ್ತೇವೆಂದು ಇಟಲಿಗೆ ಹೊರಟರು. ದಾರಿಯಲ್ಲೇ ಅವರನ್ನು ಕೊಂದು ಹಾಕಲಾಯಿತು. ಊರಿನಲ್ಲಿ ಯಾರಿಗೂ ಸುದ್ದಿ ಇಲ್ಲ. ಒಂದು ದಿನ ಸಂತ ಸೆವೆರಿನಸ್ ತಮ್ಮ ಕೋಣೆಯಲ್ಲಿ ಓದುತ್ತಾ ಕುಳಿತಿದ್ದರು. ಇದ್ದಕ್ಕಿದ್ದಂತೆ ಪುಸ್ತಕ ಮುಚ್ಚಿ ಅತ್ತರು. ಬೇಗ ನದಿಗೆ ಓಡಿ ಎಂದರು. ಹೋಗಿ ನೋಡಿದರೆ ಸೈನಿಕರ ಹೆಣಗಳು ತೇಲಿ ದಡಕ್ಕೆ ಬಂದಿದ್ದವು.

ಇದನ್ನು ಬರೆದಿಟ್ಟವನು ಅವರ ಶಿಷ್ಯ ಯುಗಿಪ್ಪಿಯಸ್, ಸುಮಾರು 511ರಲ್ಲಿ. ಪವಾಡದ ಭಾಗವನ್ನು ನಂಬುವುದು, ಬಿಡುವುದು ನಿಮಗೆ ಸೇರಿದ್ದು. ನನಗೆ ಮರೆಯಲಾಗದ್ದು ಆ ಬಾಕಿ ಸಂಬಳ. ಒಂದು ಸಾಮ್ರಾಜ್ಯ ಒಂದು ಊರಿನಲ್ಲಿ ಮುಗಿಯುವುದು ಹೀಗೆ. ಸಂಬಳ ಬರುವುದಿಲ್ಲ, ಕೇಳಲು ಹೋದವರೂ ವಾಪಸ್ ಬರುವುದಿಲ್ಲ.

ನಾವೆಲ್ಲ ಶಾಲೆಯಲ್ಲಿ ಕಲಿತ ಇಸವಿ 476. ಆ ವರ್ಷ ಓಡೊಆಕರ್ ಎಂಬ ಸೇನಾನಾಯಕ ರೊಮುಲಸ್ ಆಗಸ್ಟುಲಸ್ ಎಂಬ ಹುಡುಗ ಚಕ್ರವರ್ತಿಯನ್ನು ಇಳಿಸಿದ. ಹುಡುಗನನ್ನು ಕೊಲ್ಲಲಿಲ್ಲ. ಪಿಂಚಣಿ ಗೊತ್ತುಮಾಡಿ ನೇಪಲ್ಸ್ ಕಡೆಯ ಒಂದು ಬಂಗಲೆಗೆ ಕಳಿಸಿದ. ರಾಜಚಿಹ್ನೆಗಳನ್ನು ಕಟ್ಟಿ, ಸಾಮ್ರಾಜ್ಯದ ಪೂರ್ವ ಭಾಗವನ್ನು ಕಾನ್‌ಸ್ಟಾಂಟಿನೋಪಲ್‌ನಿಂದ (ಇವತ್ತಿನ ಇಸ್ತಾಂಬುಲ್) ಆಳುತ್ತಿದ್ದ ಚಕ್ರವರ್ತಿ ಝೀನೋಗೆ ರವಾನಿಸಿದ. ರೋಮ್‌ನ ಸೆನೆಟ್ ಸಭೆ ಅದರ ನಂತರವೂ ಸೇರುತ್ತಲೇ ಇತ್ತು. ಉಳಿದಿರುವ ಬರಹಗಳನ್ನು ನೋಡಿದರೆ, ಪಶ್ಚಿಮದ ಸಾಮ್ರಾಜ್ಯ ಆ ಹುಡುಗನೊಂದಿಗೆ ಮುಗಿಯಿತು ಎಂದು ಖಚಿತವಾಗಿ ಹೇಳಿದ ಮೊದಲಿಗ ಮಾರ್ಸೆಲಿನಸ್ ಎಂಬ ಚರಿತ್ರೆ ಬರಹಗಾರ. ಅವನು ಬರೆದದ್ದು 6ನೇ ಶತಮಾನದಲ್ಲಿ, ಅದೂ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕೂತು. ಅಂದರೆ ಈ ಇಸವಿಗೆ ಮಹತ್ವ ಬಂದದ್ದೇ ಆಮೇಲೆ.

ಆದರೆ ಯಾರ ತಪ್ಪು ಎಂಬ ಜಗಳ ಅದಕ್ಕೂ ಮೊದಲೇ ಶುರುವಾಗಿತ್ತು. 410ರಲ್ಲಿ ಅಲಾರಿಕ್‌ನ ಗೋಥ್ ಎಂಬ ಜರ್ಮನಿಕ್ ಬುಡಕಟ್ಟಿನ ಪಡೆ ಮೂರು ದಿನ ರೋಮ್ ನಗರವನ್ನು ಲೂಟಿ ಮಾಡಿತು. ಹಳೆಯ ದೇವರುಗಳನ್ನು ಬಿಟ್ಟಿದ್ದಕ್ಕೇ ಹೀಗಾಯಿತು ಎಂದು ಕೆಲವರು ಹೇಳಿದರು. ಅದಕ್ಕೆ ಉತ್ತರ ಕೊಡಲು ಉತ್ತರ ಆಫ್ರಿಕಾದ ಬಿಷಪ್ ಆಗಸ್ಟೀನ್ ಕೂತರೆ, ಮುಗಿಸುವಷ್ಟರಲ್ಲಿ ಅದು 22 ಭಾಗಗಳ ಗ್ರಂಥವಾಗಿತ್ತು. ಸುಮಾರು 500ರ ಹೊತ್ತಿಗೆ ಜೋಸಿಮಸ್ ಎಂಬವನು ಮತ್ತೆ ಅದೇ ಮಾತು ತೆಗೆದ. ಕ್ರೈಸ್ತನಾದ ಕಾನ್‌ಸ್ಟಂಟೈನ್ ಚಕ್ರವರ್ತಿಯಿಂದಲೇ ಹಾಳಾಯಿತು ಎಂದ. ಮುಂದೆ ಬಂದವರೆಲ್ಲ ಈ ಹಳೇ ಜಗಳವನ್ನು ಒಂದಲ್ಲ ಒಂದು ರೀತಿ ತಲೆ ಮೇಲೆ ಹೊತ್ತುಕೊಂಡೇ ಬಂದರು.

ಇಂಗ್ಲೆಂಡಿನ ಚರಿತ್ರೆಕಾರ ಎಡ್ವರ್ಡ್ ಗಿಬ್ಬನ್ ಕೂಡ. 1764ರ ಅಕ್ಟೋಬರ್ 15ರಂದು ರೋಮ್‌ನ ಕ್ಯಾಪಿಟೊಲ್ ಗುಡ್ಡದ ಅವಶೇಷಗಳ ನಡುವೆ ತಾನು ಕುಳಿತಿದ್ದಾಗ, ಬರಿಗಾಲಿನ ಸನ್ಯಾಸಿಗಳು ಸಂಜೆಯ ಪ್ರಾರ್ಥನೆ ಹಾಡುತ್ತಿದ್ದಾಗ, ಈ ನಗರದ ಪತನದ ಕಥೆ ಬರೆಯುವ ಯೋಚನೆ ಹುಟ್ಟಿತು ಎಂದು ಅವನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಮೊದಲ ಸಂಪುಟ ಬಂದದ್ದು 1776ರಲ್ಲಿ, ಕೊನೆಯ ಮೂರು 1788ರಲ್ಲಿ. ಒಟ್ಟು ಆರು. ಕಥೆಯನ್ನು ಅವನು 476ಕ್ಕೆ ನಿಲ್ಲಿಸಲಿಲ್ಲ, 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಸೇರುವವರೆಗೂ ಎಳೆದುಕೊಂಡು ಹೋದ. ಕ್ರೈಸ್ತ ಧರ್ಮ ಹರಡಿದ ಬಗೆಯನ್ನು ಹೇಳುವ 15 ಮತ್ತು 16ನೇ ಅಧ್ಯಾಯಗಳ ಮೇಲೆ ದೊಡ್ಡ ಗಲಾಟೆಯೇ ಆಯಿತು. ಅವನನ್ನು ಓದಿದವರಿಗೆ ನೆನಪಿರುವುದು ಇದೇ. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಅವನ ಇನ್ನೊಂದು ಮಾತು. ಇಷ್ಟು ದೊಡ್ಡ ಸಾಮ್ರಾಜ್ಯ ಯಾಕೆ ಬಿತ್ತು ಎಂದು ಕೇಳುವುದಕ್ಕಿಂತ, ಅಷ್ಟು ಕಾಲ ಹೇಗೆ ನಿಂತಿತ್ತು ಎಂದು ಆಶ್ಚರ್ಯಪಡಬೇಕು ಎಂದ ಅವನು. ಈ ಪ್ರಶ್ನೆಯನ್ನು ಜನ ಗಂಭೀರವಾಗಿ ಹಿಡಿಯಲು ಬಹಳ ಕಾಲ ಬೇಕಾಯಿತು.

ಗಿಬ್ಬನ್ ಕೈಯಲ್ಲಿದ್ದದ್ದು ಹೆಚ್ಚಾಗಿ ಗ್ರಂಥಗಳು. ಅವುಗಳನ್ನು ಬರೆದವರು ಓದು ಬರಹ ಬಲ್ಲ, ಜಮೀನು ಆಸ್ತಿ ಇದ್ದ ಜನ. ಅವರು ಎದೆ ಬಡಿದುಕೊಂಡು ಅತ್ತ ಕಡೆ ಚರಿತ್ರೆಕಾರರೂ ಅತ್ತರು. 19ನೇ ಶತಮಾನದಲ್ಲಿ ಜರ್ಮನ್ ವಿದ್ವಾಂಸ ಥಿಯೊಡೋರ್ ಮೊಮ್ಸನ್ ಮುಂದೆ ನಿಂತು ಲ್ಯಾಟಿನ್ ಶಾಸನಗಳನ್ನು ಒಟ್ಟುಮಾಡಿಸಿದ ಮೇಲೆ ಸಾಕ್ಷ್ಯದ ರಾಶಿ ದೊಡ್ಡದಾಯಿತು. ಆದರೂ ಉತ್ತರಗಳಿಗೆ ಬರೆಯುವವರ ಸ್ವಂತ ಕಾಲದ ಬಣ್ಣ ಅಂಟಿಕೊಳ್ಳುವುದು ತಪ್ಪಲಿಲ್ಲ.

20ನೇ ಶತಮಾನದ ಮೊದಲ ಅರ್ಧ ನೋಡಿ. ಮಿಖಾಯಿಲ್ ರೊಸ್ಟೊವ್‌ಟ್ಸೆಫ್ ಕ್ರಾಂತಿಯ ನಂತರ 1918ರಲ್ಲಿ ರಷ್ಯಾ ಬಿಟ್ಟು ಹೊರಬಿದ್ದವನು. 1926ರ ಅವನ ಪುಸ್ತಕದಲ್ಲಿ ರೋಮ್ ಹಾಳಾಗುವುದು ಹಳ್ಳಿಯ ರೈತರಿಂದ ತುಂಬಿದ ಸೈನ್ಯ ನಗರಗಳ ಸ್ಥಿತಿವಂತರ ಮೇಲೆ ತಿರುಗಿಬಿದ್ದಾಗ. ಬೆಲ್ಜಿಯಂನ ಆನ್ರಿ ಪಿರೆನ್‌ನನ್ನು ಮೊದಲ ಮಹಾಯುದ್ಧದಲ್ಲಿ ಜರ್ಮನ್ನರು ಸೆರೆಯಲ್ಲಿಟ್ಟಿದ್ದರು. ಹಾಗಿದ್ದೂ ಅವನು ಜರ್ಮನಿಕ್ ಬುಡಕಟ್ಟುಗಳ ಮೇಲೆ ತಪ್ಪು ಹೊರಿಸಲಿಲ್ಲ. ಅವರು ಬಂದ ಮೇಲೂ ಮೆಡಿಟರೇನಿಯನ್ ಕಡಲಿನ ವ್ಯಾಪಾರ ನಡೆದೇ ಇತ್ತು, ಅದು ಮುರಿದದ್ದು ಅರಬ್ಬರ ವಿಸ್ತರಣೆಯ ನಂತರ ಎಂದ. ಇದನ್ನು ಪೂರ್ತಿಯಾಗಿ ಹೇಳಿದ ಪುಸ್ತಕ ಅವನು ತೀರಿಕೊಂಡ ಮೇಲೆ, 1937ರಲ್ಲಿ ಬಂತು. ಇನ್ನು ಫ್ರಾನ್ಸಿನ ಆಂದ್ರೆ ಪಿಗಾನ್ಯೋಲ್. ನಾಜಿ ಆಕ್ರಮಣ ಮುಗಿದು ಸ್ವಲ್ಪವೇ ಕಾಲವಾಗಿತ್ತು. ರೋಮ್‌ನದ್ದು ಸಹಜ ಸಾವಲ್ಲ, ಕೊಲೆ ಎಂದು ಅವನು 1947ರಲ್ಲಿ ಬರೆದ. ಆ ಮಾತಿನಲ್ಲಿ ಯಾವ ಗಾಯ ಮಾತಾಡುತ್ತಿದೆ ಎಂದು ಕೇಳಬೇಕಾಗಿಲ್ಲ, ಅಲ್ವಾ?

1984ರಲ್ಲಿ ಅಲೆಕ್ಸಾಂಡರ್ ಡೆಮಾಂಟ್ ಎಂಬ ಜರ್ಮನ್ ಚರಿತ್ರೆಕಾರರು ಅಲ್ಲಿಯವರೆಗೆ ಯಾರ್‍ಯಾರು ಏನೇನು ಕಾರಣ ಕೊಟ್ಟಿದ್ದಾರೆ ಎಂದು ಲೆಕ್ಕ ಹಾಕಿದರು. 210 ಕಾರಣಗಳು ಸಿಕ್ಕವು. ಸ್ನಾನಗೃಹಗಳಿಂದ ಹಿಡಿದು ಸೀಸದ ವಿಷದವರೆಗೆ ಎಲ್ಲವೂ ಅದರಲ್ಲಿವೆ.

ಅಷ್ಟರಲ್ಲಿ ಪ್ರಶ್ನೆಯೇ ಬದಲಾಗಿತ್ತು. 1971ರಲ್ಲಿ ಪೀಟರ್ ಬ್ರೌನ್ ಬರೆದ ಚಿಕ್ಕ ಪುಸ್ತಕವೊಂದು ಪತನದ ಕಥೆಯನ್ನು ಪಕ್ಕಕ್ಕಿಟ್ಟಿತು. ಸುಮಾರು 150ರಿಂದ 750ರವರೆಗಿನ ಕಾಲವನ್ನು ಸಾಯುತ್ತಿರುವ ರೋಗಿಯಂತೆ ನೋಡುವುದು ಬೇಡ ಎಂದರು ಅವರು. ಆಗ ಹೊಸ ಧರ್ಮಗಳು ಬೆಳೆದವು, ಮಠಗಳು ಹುಟ್ಟಿದವು, ಸಿರಿಯಾ ಈಜಿಪ್ಟ್‌ಗಳ ಸಂತರು ಜನರ ವ್ಯಾಜ್ಯ ಬಿಡಿಸುವವರಾದರು. ಪತನ ಎಂಬ ಮಾತಿನ ಜಾಗಕ್ಕೆ ರೂಪಾಂತರ ಎಂಬ ಮಾತು ಬಂತು. ರೋಮ್ ನಗರವನ್ನೇ ನೋಡುತ್ತಿದ್ದವರನ್ನು ಬ್ರೌನ್ ಪೂರ್ವದ ಕಡೆ ತಿರುಗಿಸಿದರು. ಇದಕ್ಕೆ ಮಣ್ಣಿನಲ್ಲೂ ಆಧಾರವಿತ್ತು. ಉತ್ತರ ಸಿರಿಯಾದ ಸುಣ್ಣಕಲ್ಲಿನ ಗುಡ್ಡಗಳಲ್ಲಿ ನೂರಾರು ಹಳ್ಳಿಗಳ ಕಲ್ಲುಮನೆಗಳು ಈಗಲೂ ನಿಂತಿವೆ. ಜಾರ್ಜ್ ಚಾಲೆಂಕೊ 1950ರ ದಶಕದಲ್ಲಿ ಅವುಗಳ ಅಧ್ಯಯನ ಪ್ರಕಟಿಸಿದ. ಮನೆಗಳ ಜೊತೆಯಲ್ಲೇ ಆಲಿವ್ ಎಣ್ಣೆಯ ಗಾಣಗಳು. ಅಲ್ಲಿನ ರೈತರು ಗಟ್ಟಿ ಕಲ್ಲಿನ ಮನೆ ಕಟ್ಟಿಕೊಂಡದ್ದು ಯಾವಾಗ? ರೋಮ್ ಸಾಯುತ್ತಿತ್ತು ಎನ್ನುವ 4ರಿಂದ 6ನೇ ಶತಮಾನಗಳಲ್ಲಿ.

ನಮ್ಮ ಹತ್ತಿರವೂ ಅದಕ್ಕೆ ಒಂದು ಸಾಕ್ಷಿ ಇದೆ. ಹಾವೇರಿ ಜಿಲ್ಲೆಯ ಅಕ್ಕಿ ಆಲೂರಿನಲ್ಲಿ 5-6ನೇ ಶತಮಾನದ ಚಕ್ರವರ್ತಿಗಳ ಚಿನ್ನದ ನಾಣ್ಯಗಳ ಗಂಟು ಸಿಕ್ಕಿತ್ತು. ಕಾನ್‌ಸ್ಟಾಂಟಿನೋಪಲ್‌ನಿಂದ ಆಳಿದವರ ನಾಣ್ಯಗಳು. ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ಎಷ್ಟೋ ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಗಿಂತ ಮೇಲಕ್ಕೆ ಅಕ್ಕಪಕ್ಕ ಎರಡು ಸಣ್ಣ ತೂತು ಇರುತ್ತವೆ. ದಾರಕ್ಕೆ ಪೋಣಿಸಿದಾಗ ಮುಖ ನೆಟ್ಟಗೆ ಕಾಣಲಿ ಅಂತ. ಸತ್ತುಹೋಯಿತು ಎನ್ನುವ ಸಾಮ್ರಾಜ್ಯದ ಹೊಸ ಚಿನ್ನ ಇಲ್ಲಿ ಕೊರಳಿನ ಒಡವೆಯಾಗುತ್ತಿತ್ತು.

ಹಾಗಾದರೆ ಪತನ ಆಗಲೇ ಇಲ್ಲವೇ? ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಬಟಾವಿಸ್‌ನವರ ಬಾಕಿ ಸಂಬಳ ಅಡ್ಡ ಬರುತ್ತದೆ. ಆ ಬಾಕಿಯ ಹಿಂದೆ ಕಂದಾಯದ ಲೆಕ್ಕವಿದೆ. 439ರಲ್ಲಿ ವ್ಯಾಂಡಲರು ಎಂಬ ಜರ್ಮನಿಕ್ ಬುಡಕಟ್ಟಿನವರು ಉತ್ತರ ಆಫ್ರಿಕಾದ ದೊಡ್ಡ ನಗರ ಕಾರ್ತೇಜ್ ಹಿಡಿದಾಗ ಅಲ್ಲಿನ ಧಾನ್ಯ, ಎಣ್ಣೆ, ತೆರಿಗೆ ಎಲ್ಲ ಪಶ್ಚಿಮದ ಕೈತಪ್ಪಿದವು. ಹಣವಿಲ್ಲದೆ ದಂಡಿಲ್ಲ, ದಂಡಿಲ್ಲದೆ ಕಂದಾಯ ಬರುವ ಇನ್ನಷ್ಟು ಸೀಮೆಗಳೂ ಹೋದವು. ಪೀಟರ್ ಹೆದರ್ ಅವರಂಥವರು ಪತನವನ್ನು ವಿವರಿಸುವುದು ಸುಮಾರಾಗಿ ಹೀಗೆ.

ನನ್ನ ಮನಸ್ಸನ್ನು ನಿಜವಾಗಿ ಬದಲಿಸಿದ್ದು ಮಾತ್ರ ಮಡಕೆ ಚೂರುಗಳು. ಈಗಿನ ಟ್ಯುನೀಷಿಯಾದ ಸೀಮೆಯಲ್ಲಿ ಕೆಂಪು ಹೊಳಪಿನ ತಟ್ಟೆ ಬಟ್ಟಲುಗಳನ್ನು ರಾಶಿರಾಶಿಯಾಗಿ ಮಾಡುತ್ತಿದ್ದರು. ಅವು ಕಡಲು ದಾಟಿ ಎಲ್ಲೆಲ್ಲಿಗೋ ಹೋಗುತ್ತಿದ್ದವು. 1972ರಲ್ಲಿ ಜಾನ್ ಹೇಸ್ ಇವುಗಳ ಅಂಚು, ತಳ, ಆಕಾರ ನೋಡಿ ಯಾವುದು ಯಾವ ಕಾಲದ್ದು ಎಂದು ವಿಂಗಡಿಸಿದರು. ಆಮೇಲೆ ಹೊಲದಲ್ಲಿ ಸಿಕ್ಕ ಬೆರಳುದ್ದದ ಅಂಚಿನ ಚೂರೂ ಒಂದು ತಾರೀಖು ಹೇಳತೊಡಗಿತು. ಮಡಕೆ ಒಡೆಯುತ್ತದೆ, ಆದರೆ ಕೊಳೆಯುವುದಿಲ್ಲ. ಬಡವನ ಮನೆಯಲ್ಲೂ ಇರುತ್ತದೆ. ಗ್ರಂಥ ಬರೆಯದ ಜನರ ಸುದ್ದಿ ಅದರಿಂದ ಗೊತ್ತಾಗುತ್ತದೆ.

ಬ್ರಯನ್ ವಾರ್ಡ್-ಪರ್ಕಿನ್ಸ್ 2005ರಲ್ಲಿ ಈ ಸಾಕ್ಷ್ಯ ಹಿಡಿದು ರೂಪಾಂತರದ ವಾದಕ್ಕೆ ಎದುರು ನಿಂತರು. ಅವರು ಕೇಳಿದ್ದು ಹಂಚಿನ ಬಗ್ಗೆ. ರೋಮನ್ ಇಟಲಿಯಲ್ಲಿ ಸಾಧಾರಣ ರೈತನ ಮನೆಗೂ, ಕೊಟ್ಟಿಗೆಗೂ ಸುಟ್ಟ ಹಂಚಿನ ಮಾಡು ಇರುತ್ತಿತ್ತು. ಕೆಲವು ಶತಮಾನ ಕಳೆಯುವಷ್ಟರಲ್ಲಿ ಹಂಚು ದೊಡ್ಡವರ ಕಟ್ಟಡಗಳಿಗೆ ಮಾತ್ರ ಉಳಿಯಿತು, ಉಳಿದವರಿಗೆ ಹುಲ್ಲು, ಮರ. ಮಲೆನಾಡಿನಲ್ಲಿ ಹುಲ್ಲಿನ ಮಾಡಿನಿಂದ ಹಂಚಿಗೆ ಬಂದ ಮನೆಗಳ ಹಿರಿಯರನ್ನು ಕೇಳಿ ನೋಡಿ, ಆ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಹೇಳುತ್ತಾರೆ. ಮಳೆಗಾಲಕ್ಕೆ ಮುಂಚೆ ಮತ್ತೆ ಮತ್ತೆ ಹೊದೆಸುವ ಕೆಲಸ, ಬೆಂಕಿಯ ಭಯ. ವಾರ್ಡ್-ಪರ್ಕಿನ್ಸ್ ದನದ ಮೂಳೆಗಳನ್ನೂ ಮುಂದಿಟ್ಟರು. ರೋಮನ್ ಕಾಲದಲ್ಲಿ ದನಗಳ ಗಾತ್ರ ದೊಡ್ಡದಾಗಿತ್ತು, ಆಮೇಲೆ ಮತ್ತೆ ಚಿಕ್ಕದಾಯಿತು. ಬ್ರಿಟನ್‌ನಲ್ಲಂತೂ 5ನೇ ಶತಮಾನದಲ್ಲಿ ತಿಗರಿಯ ಮೇಲೆ ಮಡಕೆ ಮಾಡುವುದೇ ಹೆಚ್ಚುಕಡಿಮೆ ನಿಂತುಹೋಯಿತು. ಆಲೋಚಿಸಿ, ಕುಂಬಾರನ ತಿಗರಿಯೇ ನಿಂತಿತು. ಇದನ್ನು ಸುಮ್ನೆ ರೂಪಾಂತರ ಎಂದು ಕರೆಯುವುದು ಆ ಜನರಿಗೆ ಮಾಡುವ ಅನ್ಯಾಯ ಎಂದೇ ನನಗೆ ಅನ್ನಿಸುತ್ತದೆ. ಸಿರಿಯಾದ ಗಾಣದ ಹಳ್ಳಿಯಲ್ಲಿ ಅದೇ ಹೊತ್ತಿಗೆ ಬದುಕು ಚೆನ್ನಾಗಿತ್ತು ಎನ್ನುವುದೂ ಸುಳ್ಳಲ್ಲ. ಪತನ ಆಯಿತೋ ಇಲ್ಲವೋ ಎಂದು ಕೇಳುವಾಗ ಯಾವ ಊರಿನಲ್ಲಿ, ಯಾರ ಮನೆಯಲ್ಲಿ ಎಂದೂ ಕೇಳಬೇಕು.

ಈಗ ಸಾಕ್ಷ್ಯ ಇನ್ನೂ ದೂರದಿಂದ ಬರುತ್ತಿದೆ. ರೋಮನ್ನರು ಅದಿರು ಕರಗಿಸಿ ಬೆಳ್ಳಿ ತೆಗೆಯುವಾಗ ಎದ್ದ ಸೀಸದ ಹೊಗೆ ಗ್ರೀನ್‌ಲ್ಯಾಂಡ್‌ನ ಹಿಮದ ಪದರಗಳಲ್ಲಿ ಸಿಕ್ಕಿಕೊಂಡಿದೆ. ಕೊರೆದು ತೆಗೆದ ಹಿಮದ ಕಂಬದಲ್ಲಿ ಅದನ್ನು ವರ್ಷ ವರ್ಷ ಅಳೆಯಬಹುದು. 2018ರಲ್ಲಿ ಬಂದ ಅಧ್ಯಯನದ ಪ್ರಕಾರ 165ರಲ್ಲಿ ಶುರುವಾದ ದೊಡ್ಡ ಸಾಂಕ್ರಾಮಿಕದ ಹೊತ್ತಿಗೆ ಸೀಸದ ಪ್ರಮಾಣ, ಅಂದರೆ ಬೆಳ್ಳಿ ತೆಗೆಯುವ ಕೆಲಸ, ಕುಸಿದು, ಮುಂದೆ ಶತಮಾನಗಳ ಕಾಲ ಮೇಲೇಳಲಿಲ್ಲ. ಹಿಮ ಜ್ವಾಲಾಮುಖಿಗಳ ಸುದ್ದಿಯನ್ನೂ ಹೇಳುತ್ತದೆ. 536ರಲ್ಲಿ ಸೂರ್ಯ ವರ್ಷವಿಡೀ ಚಂದ್ರನಂತೆ ಮಂಕಾಗಿದ್ದ ಎಂದು ಆ ಕಾಲದ ಚರಿತ್ರೆಕಾರ ಪ್ರೊಕೋಪಿಯಸ್ ಬರೆದದ್ದಕ್ಕೆ ಅಲ್ಲಿ ಆಧಾರ ಸಿಕ್ಕಿತು. ಐದು ವರ್ಷದ ನಂತರ ಈಜಿಪ್ಟ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡು, 542ರಲ್ಲಿ ಕಾನ್‌ಸ್ಟಾಂಟಿನೋಪಲ್ ಮುಟ್ಟಿತು.

ಕೈಲ್ ಹಾರ್ಪರ್ 2017ರಲ್ಲಿ ಹವಾಮಾನ ಮತ್ತು ರೋಗಾಣುಗಳನ್ನೇ ಕಥೆಯ ನಡುವೆ ತಂದು ನಿಲ್ಲಿಸಿದರು. ಎರಡು ವರ್ಷದಲ್ಲೇ ಲೀ ಮೊರ್ಡೆಕಾಯ್, ಮೆರ್ಲ್ ಐಸೆನ್‌ಬರ್ಗ್ ಮತ್ತು ಸಂಗಡಿಗರು ಎದುರು ವಾದ ಹೂಡಿದರು. ಪ್ಲೇಗ್ ಅಷ್ಟು ಜನರನ್ನು ಕೊಂದಿದ್ದರೆ ಶಾಸನಗಳು, ನಾಣ್ಯಗಳು, ಕೆರೆ ತಳದ ಪರಾಗ ಎಲ್ಲದರಲ್ಲೂ ಅದರ ಗುರುತು ಕಾಣಬೇಕಿತ್ತು, ಕಾಣುತ್ತಿಲ್ಲ ಎಂದರು. ಈ ಜಗಳ ಇನ್ನೂ ಮುಗಿದಿಲ್ಲ.

ಅದೇ 2019ರಲ್ಲಿ ಇನ್ನೊಂದು ಸುದ್ದಿ ಬಂತು. ಇಂಗ್ಲೆಂಡಿನ ಕೇಂಬ್ರಿಜ್ ಹತ್ತಿರ ಎಡಿಕ್ಸ್ ಹಿಲ್ ಎಂಬಲ್ಲಿ 6ನೇ ಶತಮಾನದ ಸ್ಮಶಾನವಿದೆ. ತಿಗರಿ ನಿಂತುಹೋಗಿದ್ದ ಅದೇ ಬ್ರಿಟನ್. ಆ ಪ್ಲೇಗ್ ಇಲ್ಲಿಗೂ ಬಂದಿತ್ತು ಎಂದು ಸ್ಪಷ್ಟವಾಗಿ ಹೇಳುವ ಬರಹ ಆ ನಾಡಿನಲ್ಲಿ ಉಳಿದಿಲ್ಲ. ಅಲ್ಲಿ ಮಣ್ಣಾದವರ ಹಲ್ಲು ಕೊರೆದು ಒಳಗಿನ ಪುಡಿಯನ್ನು ಪರೀಕ್ಷೆ ಮಾಡಿದರು. ಒಬ್ಬರಲ್ಲಲ್ಲ, ಹಲವರ ಹಲ್ಲಿನಲ್ಲಿ ಪ್ಲೇಗ್ ರೋಗಾಣುವಿನ ಡಿಎನ್‌ಎ ಇತ್ತು.