ಯೋಮ್ ಕಿಪ್ಪೂರ್, ತಪಸ್ಸು ಕಾಲ, ರಂಜಾನ್: ಉಪವಾಸದ ದಿನ ಹೇಗೆ ಗೊತ್ತಾಗುತ್ತದೆ?

ಯೆಹೂದ್ಯರ ಯೋಮ್ ಕಿಪ್ಪೂರ್, ಕ್ರೈಸ್ತರ ತಪಸ್ಸು ಕಾಲ, ಮುಸ್ಲಿಮರ ರಂಜಾನ್ ಬಗ್ಗೆ ಪರೀಕ್ಷೆಯಲ್ಲಿ ಕೇಳಿದಾಗ 'ಮೂರು ಧರ್ಮಗಳಲ್ಲೂ ಉಪವಾಸವಿದೆ' ಎಂದಷ್ಟೇ ಬರೆದರೆ ಅಂಕ ಸಿಗುವುದು ಕಷ್ಟ. ಯಾವಾಗ, ಎಷ್ಟು ಹೊತ್ತು, ಏನೇನು ವರ್ಜ್ಯ ಎಂಬುದರಲ್ಲೇ ವ್ಯತ್ಯಾಸವೆಲ್ಲ ಇರುವುದು. ಮೊದಲು ಕಲಿಯಬೇಕಾದದ್ದು ದಿನದ ಲೆಕ್ಕ.

ಚಾಂದ್ರ ವರ್ಷಕ್ಕೆ ಸುಮಾರು 354 ದಿನ, ಸೌರ ವರ್ಷಕ್ಕೆ 365. ಈ 11 ದಿನದ ಕೊರತೆ ತುಂಬಬೇಕೇ, ಬಿಡಬೇಕೇ? ಯೆಹೂದ್ಯರ ಪಾಸ್ಖ ಹಬ್ಬ ವಸಂತದಲ್ಲೇ ಬರಬೇಕೆಂಬುದು ಅವರ ಧರ್ಮಗ್ರಂಥ ತೋರಾದ ವಿಧಿ. ಅದಕ್ಕೇ ಯೆಹೂದ್ಯರು 19 ವರ್ಷಕ್ಕೆ 7 ಸಲ ಅದಾರ್ ತಿಂಗಳನ್ನು ಎರಡು ಮಾಡುತ್ತಾರೆ. ನಮ್ಮ ಪಂಚಾಂಗದ ಅಧಿಕ ಮಾಸದ್ದೂ ಇದೇ ತರ್ಕ. ಆದರೆ ನಮ್ಮಲ್ಲಿ ಅದು ಬೇರೆ ಬೇರೆ ತಿಂಗಳಿಗೆ ಬೀಳುತ್ತದೆ, ಅಲ್ಲಿ ಅದಾರ್‌ಗೆ ಮಾತ್ರ. ಇಸ್ಲಾಮಿನಲ್ಲಿ ಇಂಥ ಸರಿಪಡಿಕೆಗೆ ಅವಕಾಶವಿಲ್ಲ (ಕುರಾನ್ 9:37). ಆದ್ದರಿಂದ ರಂಜಾನ್ ಪ್ರತಿ ವರ್ಷ 10-11 ದಿನ ಮುಂಚೆ ಬಂದು, ಸುಮಾರು 33 ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತಿ ಮುಗಿಸುತ್ತದೆ. 2030ರಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ ಆರಂಭವಾಗಲಿದೆ. ತಿಂಗಳು ಶುರುವಾಗುವುದು ಚಂದ್ರದರ್ಶನದಿಂದ. ನಮ್ಮ ಕರಾವಳಿಯಲ್ಲಿ ಕೇರಳದ ದರ್ಶನವನ್ನು ಒಪ್ಪುವುದರಿಂದ ಕೆಲವು ವರ್ಷ ಬೆಂಗಳೂರಿಗಿಂತ ಒಂದು ದಿನ ಮೊದಲೇ ಈದ್.

ಕ್ರೈಸ್ತರ ಲೆಕ್ಕದಲ್ಲಿ ಎಡವುವವರೇ ಹೆಚ್ಚು. ತಪಸ್ಸು ಕಾಲ ಗೊತ್ತಾಗುವುದು ಈಸ್ಟರ್ ದಿನದಿಂದ. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ ಈಸ್ಟರ್. ಇಲ್ಲಿ ಹುಣ್ಣಿಮೆ ಎಂದರೆ ಕ್ರೈಸ್ತ ಸಭೆಯ (ಚರ್ಚಿನ) ಕೋಷ್ಟಕದ ಹುಣ್ಣಿಮೆ, ಆಕಾಶದ್ದಲ್ಲ. 2019ರಲ್ಲಿ ವಿಷುವದ (ಹಗಲು ರಾತ್ರಿ ಸಮವಾಗುವ ದಿನದ) ಬೆನ್ನಿಗೇ, ಮಾರ್ಚ್ 21ಕ್ಕೆ, ಆಕಾಶದಲ್ಲಿ ಹುಣ್ಣಿಮೆಯಾಗಿತ್ತು; ಆದರೂ ಈಸ್ಟರ್ ಬಂದದ್ದು ಏಪ್ರಿಲ್ 21ಕ್ಕೆ. ಆರ್ಥಡಾಕ್ಸ್ ಸಭೆಗಳಲ್ಲಿ ಹೆಚ್ಚಿನವು ಹಳೆಯ ಜೂಲಿಯನ್ ಕ್ಯಾಲೆಂಡರಿನ ಲೆಕ್ಕ ಹಿಡಿಯುವುದರಿಂದ ದಿನಾಂಕ ಸಾಮಾನ್ಯವಾಗಿ ಬೇರೆ. 2025ರಲ್ಲಿ ಎರಡೂ ಏಪ್ರಿಲ್ 20ಕ್ಕೆ ಕೂಡಿಬಂದವು. ಇನ್ನು ತಪಸ್ಸು ಕಾಲದ '40 ದಿನ': ಅದು ಶುರುವಾಗುವ ವಿಭೂತಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಎಣಿಸಿದರೆ 46. ಆರು ಭಾನುವಾರ ಕಳೆಯಬೇಕು, ಭಾನುವಾರ ಉಪವಾಸದ ದಿನವಲ್ಲ.

ಯೆಹೂದ್ಯರಿಗೂ ಮುಸ್ಲಿಮರಿಗೂ ದಿನ ಶುರುವಾಗುವುದು ಸೂರ್ಯಾಸ್ತಕ್ಕೆ. ಹಾಗೆಂದು ಉಪವಾಸದ ಅವಧಿ ಒಂದೇ ಅಲ್ಲ. ಯೆಹೂದ್ಯ ತಿಂಗಳಾದ ತಿಶ್ರೀಯ 10ರ ಯೋಮ್ ಕಿಪ್ಪೂರ್ ಸಂಜೆಯಿಂದ ಮರುದಿನ ಕತ್ತಲಾಗುವವರೆಗೆ, ಸುಮಾರು 25 ಗಂಟೆ. ಅನ್ನ ನೀರಿನ ಜೊತೆಗೆ ಸ್ನಾನ, ತೈಲಲೇಪನ, ಚರ್ಮದ ಪಾದರಕ್ಷೆ, ದಾಂಪತ್ಯವೂ ವರ್ಜ್ಯ. ಶನಿವಾರದ ವಿಶ್ರಾಂತಿ ದಿನವಾದ ಸಬ್ಬತ್‌ಗೆ ಬಿದ್ದರೂ ಇದನ್ನು ಮುಂದೂಡುವುದಿಲ್ಲ. ಶುಕ್ರವಾರವೋ ಭಾನುವಾರವೋ ಬೀಳದಂತೆ ಪಂಚಾಂಗವನ್ನೇ ಹೊಂದಿಸಿದ್ದಾರೆ: ಬಿದ್ದಿದ್ದರೆ ಸಬ್ಬತ್ ಸೇರಿ ಸತತ ಎರಡು ದಿನ ಅಡುಗೆ ನಿಷಿದ್ಧವಾಗುತ್ತಿತ್ತು.

ರೋಜಾ, ಅಂದರೆ ರಂಜಾನ್ ಉಪವಾಸ, ಉಷೆಯಿಂದ ಸೂರ್ಯಾಸ್ತದವರೆಗೆ. ಅಷ್ಟು ಹೊತ್ತು ನೀರೂ ಇಲ್ಲ, ದಾಂಪತ್ಯವೂ ಇಲ್ಲ. ರಾತ್ರಿ ತಿನ್ನಬಹುದು, ಸೆಹರಿ (ಉಷೆಗೆ ಮುಂಚಿನ ಊಟ) ಉಣ್ಣುವುದು ಸುನ್ನತ್ (ಪ್ರವಾದಿಯ ರೂಢಿ). ಕ್ಯಾಥೊಲಿಕರ ನಿಯಮ ತೀರಾ ಹಗುರ: ವಿಭೂತಿ ಬುಧವಾರ, ಶುಭ ಶುಕ್ರವಾರ ಮಾತ್ರ, 18ರಿಂದ 59 ವಯಸ್ಸಿನವರಿಗೆ, ಒಂದು ಪೂರ್ಣ ಊಟ ಮತ್ತು ಅಲ್ಪಾಹಾರ. ಮಾಂಸವರ್ಜನೆ 14ರಿಂದ. ಪ್ರೊಟೆಸ್ಟೆಂಟರಲ್ಲಿ ಬಹುಪಾಲು ಐಚ್ಛಿಕ.

ವಿನಾಯಿತಿಯ ಪ್ರಶ್ನೆ ಬಂದರೆ: ಯೆಹೂದ್ಯ ವಿಧಿಯಲ್ಲಿ ಜೀವಕ್ಕೆ ಅಪಾಯವಿದ್ದರೆ ಉಣ್ಣುವುದೇ ಕರ್ತವ್ಯ. ಇಸ್ಲಾಮಿನಲ್ಲಿ ರೋಗಿ, ಪ್ರಯಾಣಿಕ ಬಿಟ್ಟ ರೋಜಾಗಳನ್ನು ಆಮೇಲೆ ತೀರಿಸಬೇಕು. ವಾಸಿಯಾಗದ ಕಾಯಿಲೆಯಿದ್ದರೆ ದಿನಕ್ಕೊಬ್ಬ ಬಡವನಿಗೆ ಊಟ.