ಕೊಡದಲ್ಲಿ ಒಂದು ಅಕ್ಕಿ ಕಾಳು

ಜಗಳೂರು ತಾಲ್ಲೂಕಿನ ನಮ್ಮ ಅತ್ತೆಯ ಊರಿಗೆ ಹೋದಾಗಲೆಲ್ಲ ಒಂದು ಮಾತು ಕೇಳುತ್ತಿದ್ದೆ. "ನಮ್ಮ ಬೋರ್ ನೀರು ಸಿಹಿ ಕಣಪ್ಪ. ಬೇಳೆ ಬೇಗ ಬೇಯುತ್ತೆ, ಸೋಪು ಚೆನ್ನಾಗಿ ನೊರೆ ಬರುತ್ತೆ." ಊರಾಚೆ ಕೆರೆ ಹಿಂದೆ ಒಂದು ಹಳೇ ತೆರೆದ ಬಾವಿ ಇದೆ. ಅದರ ನೀರು ಗಡಸು. ಕಾಯಿಸಿದರೆ ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಅದನ್ನು ಯಾರೂ ಕುಡಿಯೋದಿಲ್ಲ.

ಕೆಲವು ವರ್ಷದ ಹಿಂದೆ, ನೀರಲ್ಲಿ ಫ್ಲೋರೈಡ್ ಎಂಬ ಅಂಶ ಎಷ್ಟಿದೆ ಅಂತ ನೋಡುವ ಒಂದು ಪರೀಕ್ಷೆ ಕಿಟ್ ತಗೊಂಡು ಹೋದೆ. ಎರಡು ಗಾಜಿನ ನಳಿಗೆ ಎರಡೂ ನೀರು ಹಾಕಿ, ಜಗಲಿ ಕಟ್ಟೆ ಮೇಲೆ ಪಕ್ಕಪಕ್ಕ ಇಟ್ಟೆ. ಕಿಟ್‌ನ ಕೆಂಪು ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟೆ. ಅದರಲ್ಲಿ ಜಿರ್ಕೋನಿಯಂ ಎಂಬ ಲೋಹ ಒಂದು ಬಣ್ಣದ ಕೈ ಹಿಡಿದುಕೊಂಡಿರುತ್ತದೆ. ಫ್ಲೋರೈಡ್ ಸಿಕ್ಕಿತೋ, ಬಣ್ಣದ ಕೈ ಬಿಟ್ಟು ಫ್ಲೋರೈಡಿನ ಕೈ ಹಿಡಿಯುತ್ತದೆ. ಆಗ ಕೆಂಪು ಹೋಗಿ ಹಳದಿ ಬರುತ್ತದೆ. ಬಾವಿ ನೀರು ಗುಲಾಬಿಯಾಗೇ ಉಳಿಯಿತು. ಸಿಹಿ ಅಂತ ಹೊಗಳಿಸಿಕೊಂಡ ಬೋರ್ ನೀರು ನೋಡನೋಡುತ್ತಲೇ ಹಳದಿಯಾಯಿತು. ಅತ್ತೆಯ ಮೊಮ್ಮಗಳು ಬಗ್ಗಿ ನೋಡುತ್ತಿದ್ದಳು. ಅವಳ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆಗಳಿದ್ದವು. ನಗುವಾಗ ಕೈ ಅಡ್ಡ ಇಟ್ಟುಕೊಳ್ಳುವ ಅಭ್ಯಾಸ ಆಗಲೇ ಬಂದುಬಿಟ್ಟಿತ್ತು.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ಮಾನಕ 1 ಮಿಲಿಗ್ರಾಂ ಸಾಕು ಅನ್ನುತ್ತದೆ, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಒಪ್ಪುತ್ತದೆ. ಈ ಮಿಲಿಗ್ರಾಂ ಲೆಕ್ಕ ಯಾರ ಕಣ್ಣಿಗೂ ಕಾಣಲ್ಲ. ಹಾಗಾಗಿ ಹೀಗೆ ಯೋಚನೆ ಮಾಡಿ. ಒಂದು ಅಕ್ಕಿ ಕಾಳು ಸುಮಾರು 20 ಮಿಲಿಗ್ರಾಂ ತೂಗುತ್ತದೆ. ಹದಿನೈದು ಲೀಟರ್ ಹಿಡಿಯುವ ಕೊಡದಲ್ಲಿ ಒಂದು ಅಕ್ಕಿ ಕಾಳಿನಷ್ಟು ಫ್ಲೋರೈಡ್ ಕರಗಿದ್ದರೆ ಮಿತಿ ಹತ್ತಿರ ಹತ್ತಿರ ಮುಟ್ಟಿತು. ಎರಡು ಕಾಳಾದರೆ ಮಕ್ಕಳ ಹಲ್ಲಿಗೆ ಕುತ್ತು. ಅದಕ್ಕೂ ಜಾಸ್ತಿಯಾಗಿ, ಅದೇ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಸೊಂಟ, ಮಂಡಿ, ಕುತ್ತಿಗೆ ಬಿಗಿಯುತ್ತವೆ. ರುಚಿಯಲ್ಲಿ ಗೊತ್ತಾಗಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ.

ಸಿಹಿ ನೀರಿನಲ್ಲೇ ಯಾಕೆ ಜಾಸ್ತಿ? ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ.

ನಮ್ಮ ಸೀಮೆಯ ಕೆಳಗಿರುವುದು ಗಟ್ಟಿ ಬಂಡೆ. ರಾಮನಗರದ ಹಳೇ ಹೆಸರು ಕ್ಲೋಸ್‌ಪೇಟೆ. ಆ ಹೆಸರಿನ ಗ್ರಾನೈಟ್ ಪಟ್ಟಿ ಅಲ್ಲಿಂದ ಉತ್ತರಕ್ಕೆ ಪಾವಗಡ, ಮೊಳಕಾಲ್ಮೂರು ಕಡೆಗೆ ಸಾಗುತ್ತದೆ. ಅದಕ್ಕೆ ಸುಮಾರು 250 ಕೋಟಿ ವರ್ಷ ವಯಸ್ಸು. ಇಂಥ ಕಲ್ಲಿನ ಕಪ್ಪು ಅಭ್ರಕದಲ್ಲಿ, ಅಪಟೈಟ್, ಫ್ಲೋರೈಟ್ ಎಂಬ ಖನಿಜಗಳಲ್ಲಿ ಫ್ಲೋರೈಡ್ ಅಡಗಿ ಕೂತಿದೆ. ನೀರು ಬಿರುಕುಗಳಲ್ಲಿ ನಿಂತಷ್ಟು ಹೊತ್ತು ಅದನ್ನು ಇಳಿಸಿಕೊಳ್ಳುತ್ತದೆ. ಟೀ ಪುಡಿ ಬಿಸಿನೀರಲ್ಲಿ ಹೆಚ್ಚು ಹೊತ್ತು ಕೂತರೆ ಡಿಕಾಕ್ಷನ್ ಗಟ್ಟಿಯಾಗುತ್ತದಲ್ವಾ, ಹಾಗೆ. ಮಳೆ ಬಂದ ವರ್ಷವೇ ಬಾವಿಗೆ ಇಳಿದ ನೀರು ತೆಳು ಟೀ. ಆರುನೂರು ಅಡಿ ಕೆಳಗೆ ವರ್ಷಗಟ್ಟಲೆ ನಿಂತ ನೀರು ಗಟ್ಟಿ ಡಿಕಾಕ್ಷನ್.

ಆದರೆ ಇಷ್ಟೇ ಆಗಿದ್ದರೆ ಗಡಸು ನೀರಲ್ಲೂ ಫ್ಲೋರೈಡ್ ಏರಬೇಕಿತ್ತು. ಅಲ್ಲಿ ಅದನ್ನು ತಡೆಯುವುದು ಕ್ಯಾಲ್ಸಿಯಂ. ನಾಯಕನಹಟ್ಟಿ ಜಾತ್ರೆ ನೆನಪಿಸಿಕೊಳ್ಳಿ. ತೇರಿನ ಮುಂದೆ ಜನಸಾಗರ. ಒಬ್ಬ ತಾಯಿ ಎರಡು ಕೈಯಲ್ಲಿ ಎರಡು ಮಕ್ಕಳನ್ನು ಗಟ್ಟಿಯಾಗಿ ಹಿಡಿದು, ನೂಕುನುಗ್ಗಲಿನಿಂದ ಪಕ್ಕಕ್ಕೆ ಬಂದು ಮಂಟಪದಲ್ಲಿ ಕೂತುಬಿಡುತ್ತಾಳೆ. ಕ್ಯಾಲ್ಸಿಯಂ ಆ ತಾಯಿ. ಫ್ಲೋರೈಡುಗಳು ಮಕ್ಕಳು. ಒಂದು ಕ್ಯಾಲ್ಸಿಯಂ ಎರಡು ಫ್ಲೋರೈಡ್ ಹಿಡಿದರೆ ಅದು ಕರಗದ ಹರಳಾಗಿ ನೀರಿಂದ ಹೊರಗೆ ಬೀಳುತ್ತದೆ. ತಾಯಂದಿರು ಜಾಸ್ತಿ ಇದ್ದರೆ ಅಲೆಯುವ ಮಕ್ಕಳು ಕಡಿಮೆ. ಕ್ಯಾಲ್ಸಿಯಂ ನಾಲ್ಕರಲ್ಲಿ ಒಂದು ಪಾಲಿಗೆ ಇಳಿದರೆ, ನೀರು ಹೊರಬಲ್ಲ ಫ್ಲೋರೈಡ್ ಎರಡರಷ್ಟಾಗುತ್ತದೆ. ತಾಯಿ ಒಬ್ಬಳು, ಮಕ್ಕಳು ಇಬ್ಬರು ಎನ್ನುವುದರಿಂದಲೇ ಲೆಕ್ಕ ಹೀಗೆ ಬರುತ್ತದೆ.

ಹಾಗಾದರೆ ಆ ಕ್ಯಾಲ್ಸಿಯಂ ಎಲ್ಲಿ ಹೋಯಿತು? ಚಳ್ಳಕೆರೆ, ಹಿರಿಯೂರು ಕಡೆ ಕಪ್ಪು ನೆಲ ಅಗೆದರೆ ಬಿಳಿ ಸುಣ್ಣದ ಗಂಟುಗಳು ಸಿಗುತ್ತವೆ. ಮಕ್ಕಳು ಅದರಲ್ಲಿ ಗೋಡೆ ಮೇಲೆ ಬರೆಯುತ್ತಾರೆ. ಹೋದ ಕ್ಯಾಲ್ಸಿಯಂ ಅಲ್ಲಿದೆ. ಮಳೆ ಕಡಿಮೆ, ಬಿಸಿಲು ಜಾಸ್ತಿ ಇರುವ ಕಡೆ ನೀರು ಆವಿಯಾಗುತ್ತಾ ಸುಣ್ಣ ಮಣ್ಣಿನಲ್ಲೇ ಗಂಟು ಕಟ್ಟುತ್ತದೆ. ಉಳಿದ ಕ್ಯಾಲ್ಸಿಯಂ ಅನ್ನು ಜೇಡಿಮಣ್ಣು ಇಟ್ಟುಕೊಂಡು, ಬದಲಿಗೆ ಸೋಡಿಯಂ ಕೊಟ್ಟು ಕಳಿಸುತ್ತದೆ. ಸುಣ್ಣ ಕಳಕೊಂಡ ನೀರು ಮೆದುವಾಗುತ್ತದೆ. ಬೇಳೆ ಬೇಗ ಬೇಯುವುದು, ನೊರೆ ಬರುವುದು ಅದಕ್ಕೇ. ಕಾವಲಿಲ್ಲದ ಆ ನೀರಿಗೆ ಫ್ಲೋರೈಡ್ ಸಲೀಸಾಗಿ ಇಳಿಯುತ್ತದೆ. ಹಾಗಂತ ಗಡಸು ನೀರೆಲ್ಲ ಒಳ್ಳೇದು ಅಂತ ದಯವಿಟ್ಟು ತಿಳಿಯಬೇಡಿ. ಮೆಗ್ನೀಶಿಯಂನಿಂದಲೂ ನೀರು ಗಡಸಾಗುತ್ತದೆ, ಅದು ಈ ಕಾವಲು ಕಾಯುವುದಿಲ್ಲ. ಪರೀಕ್ಷೆ ಮಾಡಿಯೇ ತಿಳಿಯಬೇಕು.

ನನಗೆ ತಡೆಯಲಾಗದ ಸಂಕಟ ಆಗುವುದು ಇಲ್ಲೇ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೋರ್ ಪಾಯಿಂಟ್ ನೋಡುವವರಿಗೆ ಸಾವಿರಾರು ರೂಪಾಯಿ ಕೊಡುತ್ತಾರೆ. ಬಂದ ನೀರನ್ನು ಒಂದು ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕಳಿಸುವುದಿಲ್ಲ. ಆಳಕ್ಕೆ ಹೋದಷ್ಟೂ ಶುದ್ಧ ಅಂತ ನಂಬುತ್ತಾರೆ. ಕುದಿಸಿದರೆ ಸರಿಹೋಗುತ್ತೆ ಅನ್ನುತ್ತಾರೆ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಅಲ್ಲೇ ಉಳಿದು ಇನ್ನೂ ಗಟ್ಟಿಯಾಗುತ್ತದೆ. ಹಲ್ಲಿನ ಕಲೆಯನ್ನು ಇಜ್ಜಲು, ಬೂದಿ ಹಾಕಿ ಉಜ್ಜುತ್ತಾರೆ. ಕಲೆ ಸುಮ್ಮನೆ ಮೇಲೆ ಅಂಟಿದ್ದಲ್ಲ, ಅದರ ಮೂಲ ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಆದ ಹಾನಿ. ಅದು ಮನೆತನದ ದೋಷ ಅಂತ ಮದುವೆ ಮಾತು ಮುರಿದದ್ದನ್ನು ನಾನೇ ಕಂಡಿದ್ದೇನೆ. ಆ ಹುಡುಗಿ ಮಾಡಿದ್ದು ಊರ ನೀರು ಕುಡಿದದ್ದು, ಅಷ್ಟೇ.

ಇದು ನಮ್ಮೊಬ್ಬರ ಕಥೆಯೂ ಅಲ್ಲ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಫ್ರೆಡರಿಕ್ ಮೆಕೇ ಎಂಬ ಹಲ್ಲಿನ ಡಾಕ್ಟರು ಬಂದರು. ಊರವರ ಹಲ್ಲೆಲ್ಲ ಕಂದು. ಕಾರಣ ಹುಡುಕುತ್ತಾ ಅವರು ಮೂವತ್ತು ವರ್ಷ ಕಳೆದರು. ಉತ್ತರ ಬಂದದ್ದು ಅಲ್ಯೂಮಿನಿಯಂ ಕಂಪನಿ ಅಲ್ಕೋವಾದ ರಸಾಯನ ತಜ್ಞ ಎಚ್. ವಿ. ಚರ್ಚಿಲ್ ಅವರಿಂದ. ಅರ್ಕನ್ಸಾಸ್‌ನ ಬಾಕ್ಸೈಟ್ ಎಂಬ ಊರಿನ ನೀರಲ್ಲಿ ಅವರಿಗೆ ಲೀಟರಿಗೆ 13.7 ಮಿಲಿಗ್ರಾಂ ಫ್ಲೋರೈಡ್ ಸಿಕ್ಕಿತು. ಅದು 1931. ಅದೇ ವರ್ಷ ಅರಿಜೋನಾದಲ್ಲಿ ಮಾರ್ಗರೆಟ್ ಸ್ಮಿತ್ ಮತ್ತು ಸಂಗಡಿಗರು, ಉತ್ತರ ಆಫ್ರಿಕಾದಲ್ಲಿ ವೆಲು ಎಂಬ ಫ್ರೆಂಚ್ ವಿಜ್ಞಾನಿ ತಮ್ಮ ತಮ್ಮ ದಾರಿಯಲ್ಲಿ ಅದೇ ಉತ್ತರ ತಲುಪಿದರು. 1937ರಲ್ಲಿ ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯಿಂದ, ಜನರಲ್ಲಿ ಈ ಕಾಯಿಲೆಯ ಬಗ್ಗೆ ಭಾರತದ ಮೊದಲ ವರದಿ ಬಂತು. ಹಲ್ಲಿನ ಕಲೆ ಮಾತ್ರ ಅಲ್ಲ, ಬೆನ್ನುಮೂಳೆ ಬಿಗಿದು ಬಗ್ಗಲಾಗದ ಜನರ ವರದಿ.

ಆಮೇಲೆ ಕೊರೆಯುವ ಕಾಲ ಬಂತು. 1967ರ ಬರಗಾಲದಲ್ಲಿ ಯುನಿಸೆಫ್ ಗಟ್ಟಿ ಬಂಡೆ ಕೊರೆಯುವ ರಿಗ್‌ಗಳನ್ನು ವಿದೇಶದಿಂದ ತರಿಸಿತು. ಸೊಲ್ಲಾಪುರದ ಕೈಪಂಪನ್ನು ಸುಧಾರಿಸಿ ಇಂಡಿಯಾ ಮಾರ್ಕ್ 2 ಮಾಡಿದರು. ಕಿರುಗುಟ್ಟುವ ಆ ಪಂಪು ನಮ್ಮ ಹಳ್ಳಿಗಳಿಗೆ ಗೊತ್ತಲ್ವಾ? ಅದು ಕಾಲರಾ, ನಾರುಹುಣ್ಣಿನಿಂದ ಎಷ್ಟೋ ಜೀವ ಉಳಿಸಿತು, ಅದನ್ನು ಮರೆಯಬಾರದು. ಆದರೆ ಆಗ ಎಲ್ಲರ ಗಮನ ಇದ್ದದ್ದು ಕೀಟಾಣು ಮೇಲೆ, ಕಲ್ಲಿನ ಮೇಲಲ್ಲ.

ಕಲ್ಲಿನ ಕಡೆ ನೋಡಲು ದೇಶ ದೇಶಗಳು ಕೈ ಜೋಡಿಸಬೇಕಾಯಿತು. 1999ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಮತ್ತು ಫ್ರಾನ್ಸಿನ ಭೂವಿಜ್ಞಾನ ಸಂಸ್ಥೆ ಬಿಆರ್‌ಜಿಎಂ ಸೇರಿ ಅಂತರ್ಜಲ ಕೇಂದ್ರ ತೆರೆದವು. ಹತ್ತಿರದ ಮಹೇಶ್ವರಂನಲ್ಲಿ ವರ್ಷಗಟ್ಟಲೆ ಅಳೆದರು. ಅಲ್ಲಿಯದೂ ನಮ್ಮಂಥದೇ ಗ್ರಾನೈಟ್. ಅವರು ಕಂಡದ್ದು ಇದು: ಬೋರ್ ನೀರು ಎತ್ತಿ ಭತ್ತಕ್ಕೆ ಹಾಯಿಸುತ್ತಾರೆ, ಅರ್ಧ ಆವಿಯಾಗುತ್ತದೆ, ಉಳಿದದ್ದು ಮತ್ತೆ ಕೆಳಗಿಳಿಯುತ್ತದೆ, ಮತ್ತೆ ಎತ್ತುತ್ತಾರೆ. ಪ್ರತಿ ಸುತ್ತಿಗೂ ಸುಣ್ಣ ಮಣ್ಣಲ್ಲಿ ಉಳಿದು ಫ್ಲೋರೈಡ್ ಏರುತ್ತದೆ. ಸಾರನ್ನು ಮತ್ತೆ ಮತ್ತೆ ಕಾಯಿಸಿದರೆ ಉಪ್ಪಾಗುವ ಹಾಗೆ.

ಸ್ವಿಟ್ಜರ್ಲೆಂಡಿನ ಎಆವಾಗ್ ಎಂಬ ಜಲ ಸಂಶೋಧನಾ ಸಂಸ್ಥೆ 2018ರಲ್ಲಿ ಭಾರತದ ಹನ್ನೆರಡು ಸಾವಿರಕ್ಕೂ ಹೆಚ್ಚು ಅಳತೆಗಳಿಂದ ಒಂದು ನಕ್ಷೆ ಮಾಡಿತು. ಸುಮಾರು 12 ಕೋಟಿ ಜನ ಅಪಾಯದ ವಲಯದಲ್ಲಿದ್ದಾರೆ ಅಂತ ಅದರ ಅಂದಾಜು. 2022ರಲ್ಲಿ ಇಡೀ ಲೋಕದ ನಕ್ಷೆ ಬಂತು, 18 ಕೋಟಿ ಜನ. ಕೊಡು-ಕೊಳ್ಳುವುದು ಎರಡೂ ಕಡೆಯಿಂದ ನಡೆದಿದೆ. ಪಟಿಕ ಮತ್ತು ಸುಣ್ಣ ಹಾಕಿ ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನವನ್ನು ನಾಗಪುರದ ನೀರಿ (NEERI) ಎಂಬ ಪರಿಸರ ಸಂಶೋಧನಾ ಸಂಸ್ಥೆ ರೂಪಿಸಿತು. ಅದು ತಾಂಜಾನಿಯಾ, ಇಥಿಯೋಪಿಯಾದ ಹಳ್ಳಿಗಳಿಗೆ ಹೋಯಿತು. ಕೀನ್ಯಾದ ನಕುರುವಿನಲ್ಲಿ ಸುಟ್ಟ ಮೂಳೆಯ ಇದ್ದಿಲಿನಿಂದ ನೀರು ಸೋಸುತ್ತಾರೆ. ಅಲ್ಲಿಯ ನೆಲ ಜ್ವಾಲಾಮುಖಿಯದು, ನಮ್ಮದು ಗ್ರಾನೈಟ್. ಆದರೂ ಕಾಯಿಲೆ ತರುವ ನೀರಿನ ಗುಣ ಒಂದೇ: ಸೋಡಿಯಂ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಬೇರೆ ಬೇರೆ ದೇಶದ ನೀರನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೇ ಇದು ಖಚಿತವಾದದ್ದು.

ಆದರೆ ನಕ್ಷೆ ನಿಮ್ಮ ಬೋರನ್ನು ನೋಡಿಲ್ಲ. ಒಂದೇ ಊರಲ್ಲಿ ನೂರಡಿ ದೂರದ ಎರಡು ಬೋರ್‌ಗಳಲ್ಲಿ ಎರಡು ಥರದ ನೀರು ಇರಬಹುದು. ವರದಿ ಕೈಗೆ ಬಂದರೆ ಫ್ಲೋರೈಡ್ ಸಾಲು ಮಾತ್ರ ನೋಡಬೇಡಿ, ಕ್ಯಾಲ್ಸಿಯಂ ಸಾಲನ್ನೂ ನೋಡಿ. ಅತ್ತೆ ಮನೆಯವರು ಈಗ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಾರೆ. ಆದರೆ ಮುದ್ದೆಗೆ ಎಸರಿಡುವುದು, ಸಾರು ಕುದಿಸುವುದು ಬೋರ್ ನೀರಲ್ಲೇ ನಡೆದಿತ್ತು. ಬೋರ್ ನೀರಿನ ಫ್ಲೋರೈಡ್ ಮುದ್ದೆ ಜೊತೆಗೇ ಹೊಟ್ಟೆ ಸೇರುತ್ತಿತ್ತು. ಅದನ್ನು ನಿಲ್ಲಿಸಿದ್ದೇವೆ. ಮಗುವಿಗೆ ದಿನಾ ಹಾಲು, ರಾಗಿ ತಪ್ಪಿಸುವುದಿಲ್ಲ. ಬಂಡೆಯಲ್ಲಿ ಮಾಡುವ ಕೆಲಸವನ್ನೇ ಕ್ಯಾಲ್ಸಿಯಂ ಹೊಟ್ಟೆಯಲ್ಲೂ ಮಾಡುತ್ತದೆ, ಫ್ಲೋರೈಡಿನ ಕೈ ಹಿಡಿದು ಒಂದಷ್ಟನ್ನು ರಕ್ತಕ್ಕೆ ಸೇರದಂತೆ ಹೊರಗೆ ಕಳಿಸುತ್ತದೆ.

ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ಇದೆ. ಅತ್ತೆ ಊರಿನ ಕೆರೆಗೂ ನೀರು ಬಂದ ಮೇಲೆ ಅದೇ ಜಗಲಿ ಕಟ್ಟೆ ಮೇಲೆ ಮತ್ತೆ ಕಿಟ್ ತೆರೆದೆವು. ಈ ಸಲ ಹನಿ ಬಿಟ್ಟವಳು ಅತ್ತೆಯ ಮೊಮ್ಮಗಳು. ಬೋರ್ ನೀರು ಈಗಲೂ ಹಳದಿಯೇ. ಆದರೆ ಬಣ್ಣದ ಪಟ್ಟಿಗೆ ಹಿಡಿದು ನೋಡಿದರೆ ಒಂದು ಮನೆ ಕೆಳಗೆ ಇಳಿದಿತ್ತು. ಅವಳು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ತಾರೀಕು ಹಾಕಿ ಬರೆದುಕೊಂಡಳು. ಮುಂಗಾರು ಮುಗಿದ ಮೇಲೆ ಬನ್ನಿ, ಮತ್ತೆ ನೋಡೋಣ ಅಂದಳು.