ಒದ್ದೆ ಜೀನ್ಸ್ ಮತ್ತು ಕಂಬಳಿ ಕೊಪ್ಪೆ

ಅಕ್ಟೋಬರ್ ತಿಂಗಳು. ಕುಮಾರ ಪರ್ವತ ಹತ್ತುತ್ತಿದ್ದೆವು. ದಾರಿ ನಡುವಿನ ಗಿರಿಗದ್ದೆ ದಾಟಿದ ಮೇಲೆ ಮಳೆ ಹಿಡಿಯಿತು. ಶೇಷ ಪರ್ವತದ ಬೋಳು ಹುಲ್ಲುಗಾವಲಿನಲ್ಲಿ ಗಾಳಿಯೂ ಸೇರಿದಾಗ ಜತೆಗಿದ್ದ ಗೆಳೆಯ ನಡುಗತೊಡಗಿದ. ಬಾಟಲಿಯ ಮುಚ್ಚಳ ತಿರುಗಿಸಲು ಬೆರಳುಗಳು ಮಾತು ಕೇಳುತ್ತಿರಲಿಲ್ಲ. ನಾಲಿಗೆ ತೊದಲುತ್ತಿತ್ತು. ಅವನು ಹಾಕಿದ್ದು ಜೀನ್ಸ್ ಮತ್ತು ಹತ್ತಿಯ ಟೀ ಶರ್ಟ್. ಅಲ್ಲಿಂದಲೇ ವಾಪಸ್ ಇಳಿದೆವು.

ನಮ್ಮ ಘಟ್ಟದಲ್ಲಿ ಅಂಥಾ ಚಳಿ ಎಲ್ಲಿದೆ ಅಂತ ಅನ್ನಿಸಬಹುದು. ಸಾವಿರ ಮೀಟರ್ ಮೇಲೇರಿದರೆ ಸುಮಾರು 6 ಡಿಗ್ರಿ ತಣ್ಣಗಾಗುತ್ತದೆ. ಕುಮಾರ ಪರ್ವತದ ತುದಿ 1,712 ಮೀಟರ್. ಅಂದರೆ ಬೆಟ್ಟದ ಬುಡದ ಕುಕ್ಕೆಗಿಂತ ಹೆಚ್ಚುಕಡಿಮೆ 10 ಡಿಗ್ರಿ ಕಡಿಮೆ, ಅಷ್ಟೇ. ಇದು ಕೊಲ್ಲುವ ಚಳಿಯಲ್ಲ. ಆದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತದೆ. ಒದ್ದೆ ಬಟ್ಟೆ ಮೈಗೆ ಅಂಟಿತೆಂದರೆ ಮೈಯ ಬಿಸಿ ಸೋರಲು ದಾರಿ ತೆರೆದಂತೆ. ಮೇಲಾಗಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ಜೀನ್ಸ್ ಅರ್ಧ ಲೀಟರ್ ಕುಡಿದಿದೆ ಅಂದುಕೊಳ್ಳಿ. ಅದನ್ನು ಮೈಯ ಬಿಸಿಯಲ್ಲೇ ಒಣಗಿಸಲು ಸುಮಾರು 290 ಕಿಲೋ ಕ್ಯಾಲರಿ ಬೇಕು. ಬೆಳಗಿನ ತಿಂಡಿಯೆಲ್ಲ ಪ್ಯಾಂಟ್ ಒಣಗಿಸಲಿಕ್ಕೇ ಹೋಯಿತು, ಅಲ್ವಾ?

ವಾಷಿಂಗ್ ಮೆಷೀನ್‌ನಿಂದ ಬಟ್ಟೆ ತೆಗೆಯುವಾಗ ಒಮ್ಮೆ ಮುಟ್ಟಿ ನೋಡಿ. ಆಟದ ಪಾಲಿಯೆಸ್ಟರ್ ಜೆರ್ಸಿ ಆಗಲೇ ಅರ್ಧ ಒಣಗಿರುತ್ತದೆ. ಜೀನ್ಸ್‌ನ ಸೊಂಟಪಟ್ಟಿ ಮರುದಿನವೂ ತಣ್ಣಗೇ ಇರುತ್ತದೆ. ಹತ್ತಿಯಲ್ಲಿ ಎಳೆಯೇ ನೀರು ಕುಡಿದು ಊದಿಕೊಳ್ಳುತ್ತದೆ. ಪಾಲಿಯೆಸ್ಟರ್ ಎಳೆ ಕುಡಿಯುವುದೇ ಇಲ್ಲ ಎನ್ನುವಷ್ಟು ಕಡಿಮೆ. ಎಳೆಗಳ ಸಂದಿಯಲ್ಲಿ ನಿಂತ ನೀರು ಹಿಂಡಿದರೆ ಹೋಗುತ್ತದೆ.

ಉಣ್ಣೆಯ ದಾರಿಯೇ ಬೇರೆ. ಅದರ ಎಳೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಬಲ್ಲದು. ಆದರೂ ಗುಂಗುರು ಗುಂಗುರಾಗಿರುವುದರಿಂದ ಒದ್ದೆಯಾದರೂ ಪೂರ್ತಿ ಕುಸಿಯುವುದಿಲ್ಲ. ನಡುವೆ ಗಾಳಿ ಉಳಿಯುತ್ತದೆ. ನಮ್ಮನ್ನು ಬೆಚ್ಚಗಿಡುವುದು ಆ ಗಾಳಿಯೇ. ಮಲೆನಾಡಿನವರು ಇದನ್ನು ಬಹಳ ಹಿಂದೆಯೇ ಬಳಸಿಕೊಂಡಿದ್ದರು. ಕುರುಬರು ನೇಯ್ದ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಅದನ್ನು ಮಡಚಿ ಕೊಪ್ಪೆ ಮಾಡಿ ತಲೆಗೆ ಹೊದ್ದು ಗದ್ದೆಗೆ ಇಳಿಯುತ್ತಿದ್ದರು. ಇವತ್ತು ಚಾರಣಕ್ಕೆ ಕಂಬಳಿ ಹೊರಿ ಅಂತ ನಾನು ಹೇಳುವುದಿಲ್ಲ, ಅದು ಭಾರ. ಮೆರಿನೋ ಉಣ್ಣೆಯ ತೆಳು ಬನಿಯನ್ ಅದೇ ಕೆಲಸ ಮಾಡುತ್ತದೆ. ಅಷ್ಟು ದುಡ್ಡಿಲ್ಲದಿದ್ದರೆ ಆ ಪಾಲಿಯೆಸ್ಟರ್ ಜೆರ್ಸಿಯೇ ಸಾಕು.

ಇನ್ನು ದುಬಾರಿ ಜಾಕೆಟ್‌ಗಳು. 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್, ಕಾಯಿಸಿದ ಟೆಫ್ಲಾನ್ ಕಡ್ಡಿಯನ್ನು ಗಬಕ್ಕನೆ ಎಳೆದರು. ಅದು ಹಿಗ್ಗಿ, ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಾದವು. ಮಳೆಹನಿ ಅವುಗಳಲ್ಲಿ ತೂರಲಾರದು, ಬೆವರಿನ ಆವಿ ತೂರಬಲ್ಲದು. ಗೋರ್‌ಟೆಕ್ಸ್ ಎಂಬ ಜಾಕೆಟ್ ಬಟ್ಟೆ ಹುಟ್ಟಿದ್ದು ಹೀಗೆ. ಅದ್ಭುತ ಉಪಾಯ. ಆದರೆ ಆವಿ ಹೊರಗೆ ಹೋಗಬೇಕಾದರೆ ಹೊರಗೆ ಆವಿ ಕಡಿಮೆ ಇರಬೇಕು. ಘಟ್ಟದ ಮಳೆಯಲ್ಲಿ ಗಾಳಿಯೇ ತೇವದಿಂದ ತುಂಬಿರುತ್ತದೆ. ಏರು ಹತ್ತುವಾಗ ಬೆವರು ಜಾಕೆಟ್ ಒಳಗೇ ನಿಲ್ಲುತ್ತದೆ. ಬಿದಿರು, ಎಲೆಗಳಿಂದ ಹೆಣೆದ ಗೊರಬೆ ನೋಡಿದ್ದೀರಾ? ನಾಟಿ ಮಾಡುವವರ ಬೆನ್ನ ಮೇಲೆ ದೋಣಿ ಕವುಚಿದ ಹಾಗೆ ಇರುತ್ತಿತ್ತು. ಮಳೆ ಮೇಲೆ ಜಾರುತ್ತದೆ, ಕೆಳಗಿನಿಂದ ಗಾಳಿ ಆಡುತ್ತದೆ. ನಮ್ಮ ಕಾಡಿನ ಮಳೆಗೆ ಅದೇ ಸರಿಯಾದ ಲೆಕ್ಕ. ಹಾಗಾಗಿ ನಾನು ಒಯ್ಯುವುದು ತಲೆ ತೂರಿಸಿ ಹೊದ್ದುಕೊಳ್ಳುವ ಸಡಿಲವಾದ ಮಳೆ ಹೊದಿಕೆ, ಪೊಂಚೊ. ಬೋಳುಗುಡ್ಡದ ಗಾಳಿಗೆ ಅದು ಪಟಪಟ ಹಾರುತ್ತದೆ, ಸೊಂಟಕ್ಕೊಂದು ಹಗ್ಗ ಬಿಗಿದುಕೊಳ್ಳಬೇಕು.

ಬ್ಯಾಗಿನ ಮೇಲಿನ ಮಳೆಕವಚವನ್ನು ಜಾಸ್ತಿ ನಂಬಬೇಡಿ. ನೀರು ಬೆನ್ನಿನ ಕಡೆಯಿಂದ ಇಳಿಯುತ್ತದೆ. ಬ್ಯಾಗಿನ ಒಳಗೇ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಸಾಮಾನೆಲ್ಲ ಅದರೊಳಗೆ ತುಂಬಿ, ಬಾಯಿ ಸುತ್ತಿ ಕಟ್ಟಿ. ಅವತ್ತು ಗೆಳೆಯನನ್ನು ಉಳಿಸಿದ್ದು ಅಂಥ ಚೀಲದಲ್ಲಿದ್ದ ನನ್ನ ಒಣ ಬಟ್ಟೆ. ಗಿರಿಗದ್ದೆಗೆ ಬಂದು ಅದನ್ನು ಹಾಕಿಕೊಂಡು, ಬಿಸಿ ಚಹಾ ಕುಡಿದ ಮೇಲೆ ಅವನ ಮಾತು ನೆಟ್ಟಗಾಯಿತು.

ಅಂಥ ತುರ್ತು ಬಿಟ್ಟರೆ, ಆ ಒಣ ಜತೆ ರಾತ್ರಿ ಮಲಗುವುದಕ್ಕೆ ಮಾತ್ರ. ಬೆಳಿಗ್ಗೆ ಎದ್ದು ಮತ್ತೆ ಹಸಿ ಅಂಗಿಯೊಳಗೆ ಕೈ ತೂರಿಸುವುದು ನಿಜಕ್ಕೂ ಕಷ್ಟ. ಆದರೂ ಆ ಹಸಿ ಅಂಗಿಯನ್ನೇ ತೊಟ್ಟು ಹೊರಡಿ. ಹತ್ತು ನಿಮಿಷ ನಡೆದರೆ ಮೈ ಬಿಸಿಯಾಗುತ್ತದೆ.